ಹತ್ತರಲ್ಲಿ ಏಳು ಟೆನಿಸ್ ಮ್ಯಾಚ್ ಸರಿ ಹೇಳ್ತೀನಿ, ಆದ್ರೂ ಲೆಕ್ಕದಲ್ಲಿ ದುಡ್ಡು ಯಾಕೆ ಕರಗುತ್ತೆ?

ಪಡುವಾರಹಳ್ಳಿ ಬ್ಯಾಕ್‌ಹ್ಯಾಂಡ್:

ಮೊದಲೇ ಹೇಳ್ಬಿಡ್ತೀನಿ, ಇದರಲ್ಲಿ ಒಂದು ರೂಪಾಯಿಯೂ ನಿಜವಾದ ದುಡ್ಡಿಲ್ಲ. ಬೆಳಿಗ್ಗೆ ಆರಕ್ಕೆ ಕೋರ್ಟಿಗೆ ಹೋಗೋ ನಾವು ನಾಲ್ಕು ಜನ. ಆಟ ಮುಗಿಸಿ ಕಾಫಿ ಕುಡಿಯುವಾಗ ಆವತ್ತಿನ ಮ್ಯಾಚುಗಳಲ್ಲಿ ಯಾರು ಗೆಲ್ತಾರೆ ಅಂತ ಬಾಜಿ. ವಾರದ ಕೊನೆಗೆ ಅತಿ ಹೆಚ್ಚು ತಪ್ಪು ಹೇಳಿದವನು ಭಾನುವಾರ ನಜರ್‌ಬಾದಿನ ಮೈಲಾರಿಯಲ್ಲಿ ಎಲ್ಲರಿಗೂ ದೋಸೆ ಕೊಡಿಸಬೇಕು. ಆರು ತಿಂಗಳಲ್ಲಿ ನಾನು ಕೊಡಿಸಿದ್ದು ಎರಡೇ ಸಲ. ಅದರಿಂದ ತಲೆ ಸ್ವಲ್ಪ ತಿರುಗಿತು ಅಂತಿಟ್ಟುಕೊಳ್ಳಿ.

ಒಂದು ನೋಟ್‌ಬುಕ್ ಮಾಡಿದೆ. ಪ್ರತಿ ಮ್ಯಾಚಿಗೂ ಮುಂಚೆ ಐದು ವಿಷಯ ನೋಡ್ತೀನಿ: ರ‍್ಯಾಂಕಿಂಗ್, ಹಿಂದಿನ ಮುಖಾಮುಖಿ, ಕೊನೆಯ ಐದು ಮ್ಯಾಚಿನ ಫಲಿತಾಂಶ, ಕೋರ್ಟ್ ಯಾವುದು, ಗಾಯದ ಸುದ್ದಿ. ಆಮೇಲೆ ವಿದೇಶಿ ಕ್ರೀಡಾ ಪುಟಗಳಲ್ಲಿ ಹಾಕುವ ಬೆಟ್ಟಿಂಗ್ ದರವನ್ನು ಪಕ್ಕದಲ್ಲಿ ಬರೆದು, 100 ರೂಪಾಯಿ ಕಟ್ಟಿದ್ದೀನಿ ಅಂತ ಸುಮ್ಮನೆ ಲೆಕ್ಕ ಹಾಕ್ತೀನಿ.

40 ಮ್ಯಾಚ್ ಆಯ್ತು. 29 ಸರಿ. ಕಟ್ಟಿದ್ದು 4,000, ವಾಪಸ್ ಬಂದದ್ದು 3,712. ಅಂದರೆ 288 ರೂಪಾಯಿ ನಷ್ಟ. ನಾಲ್ಕರಲ್ಲಿ ಸುಮಾರು ಮೂರು ಸರಿ ಹೇಳಿದವನಿಗೂ ನಷ್ಟ ಅಂದ್ರೆ ನನ್ನ ವಿಶ್ಲೇಷಣೆಯಲ್ಲಿ ಎಲ್ಲೋ ತೂತಿದೆ. ಎಲ್ಲಿ ಅಂತ ಹೇಳಿ. ಬೈದರೂ ಪರವಾಗಿಲ್ಲ.

ರೇಸ್‌ಕೋರ್ಸ್ ಮಾವ:

ತೂತು ಇರೋದು ವಿಶ್ಲೇಷಣೆಯಲ್ಲಿ ಅಲ್ಲಪ್ಪ, ಪ್ರಶ್ನೆಯಲ್ಲೇ. ನನಗೆ ಟೆನಿಸ್ ಅಷ್ಟಕ್ಕಷ್ಟೆ. ಆದರೆ ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್‌ಕೋರ್ಸಿನಲ್ಲಿ ಮೂವತ್ತು ವರ್ಷ ಕಳೆದಿದ್ದೀನಿ, ಬಂದದ್ದಕ್ಕಿಂತ ಹೋದದ್ದೇ ಹೆಚ್ಚು. ಅಲ್ಲಿ ಹೊಸಬ ಬಂದು ಕೇಳೋದು "ಯಾವ ಕುದುರೆ ಗೆಲ್ಲುತ್ತೆ ಮಾವ?" ಹಳಬ ಕೇಳೋದು "ಏನು ದರ ಕೊಡ್ತಿದ್ದಾನೆ?" ಇಷ್ಟೇ ವ್ಯತ್ಯಾಸ.

ನಿನ್ನ ಲೆಕ್ಕವನ್ನೇ ತಗೋ. 29 ಗೆಲುವಿಗೆ 3,712 ಬಂತು ಅಂದರೆ ನಿನಗೆ ಸಿಕ್ಕ ಸರಾಸರಿ ದರ 1.28, ಅಂದರೆ ಗೆದ್ದಾಗ ನೂರಕ್ಕೆ 128 ವಾಪಸ್. ನೂರನ್ನು 1.28ರಿಂದ ಭಾಗಿಸು, 78 ಬರುತ್ತೆ. ಆ ದರಕ್ಕೆ ಕಟ್ಟುವವನು ನೂರಕ್ಕೆ 78 ಸರಿ ಹೇಳಿದರೆ ಮಾತ್ರ ಅಸಲು ಉಳಿಯುತ್ತೆ. ನೀನು ಹೇಳಿದ್ದು 72 ಚಿಲ್ಲರೆ. 40ಕ್ಕೆ 32 ಸರಿಯಿದ್ದಿದ್ರೆ 96 ರೂಪಾಯಿ ಲಾಭ. 31 ಆಗಿದ್ರೂ ನಷ್ಟವೇ. ನಿನ್ನ ಐದು ವಿಷಯ ಇದ್ಯಲ್ಲ, ರ‍್ಯಾಂಕಿಂಗು, ಫಾರ್ಮು, ಅದೆಲ್ಲ ದರ ಬರೆಯೋನಿಗೆ ನಿನಗಿಂತ ಮುಂಚೆ ಗೊತ್ತು. ಗೊತ್ತಿರೋದಕ್ಕೇ ಅವನು 1.28 ಅಂತ ಬರೆದಿರೋದು. ಬಲವಾದ ಆಟಗಾರ ಬಲವಾಗಿದ್ದಾನೆ ಅಂತ ಕಂಡುಹಿಡಿದದ್ದಕ್ಕೆ ಯಾರೂ ದುಡ್ಡು ಕೊಡಲ್ಲ.

ಇನ್ನೊಂದು. ಒಂದೇ ಮ್ಯಾಚಿನ ಎರಡೂ ದರದಿಂದ ಹೀಗೇ ನೂರನ್ನು ಭಾಗಿಸಿ, ಬಂದದ್ದನ್ನು ಕೂಡಿಸಿ ನೋಡು. ಒಬ್ಬನಿಗೆ 1.25, ಇನ್ನೊಬ್ಬನಿಗೆ 4.00 ಅಂತಿದ್ರೆ, ಮೊದಲನೆಯದು 80, ಎರಡನೆಯದು 25. ಒಟ್ಟು 105. ಇಬ್ಬರು ಆಡೋ ಆಟದಲ್ಲಿ ನೂರಕ್ಕೆ ನೂರೈದು ಎಲ್ಲಿಂದ ಬಂತು? ಆ ಐದು ದರ ಬರೆಯೋ ಅಂಗಡಿಯವನದು. ಗೆದ್ದರೂ ಸೋತರೂ ಅವನು ತಕ್ಕಡಿ ಮೇಲೆ ಬೆರಳಿಟ್ಟೇ ತೂಗೋದು.

ಕಬ್ಬಿನ ಲೋಡು:

ಮಾವ, ಹಂಗಾರೆ 1.20 ದರದವ್ರನ್ನೇ ಐದು ಜನ ಆರಿಸ್ಕಂಡು ಒಟ್ಗೆ ಕಟ್ಟುದ್ರೆ? ನಮ್ ಮಂಡ್ಯದ ಹುಡುಗ್ರು ಹಂಗೇ ಮಾಡ್ತಿದ್ದದ್ದು. ಐದೂ ಗೆದ್ರೆ 100ಕ್ಕೆ 249 ಬತ್ತದೆ. ಎಲ್ಲಾ ದೊಡ್ಡ ಪ್ಲೇಯರ್‌ಗಳೇ, ಮೊದಲ್ನೇ ರೌಂಡು. ಸೋಲ್ತಾರಾ?

ಗಂಗೋತ್ರಿ ಗಣಿತ:

ಸೋಲ್ತಾರೆ. 1.20 ಅಂದರೆ ನೂರಕ್ಕೆ 83 ಪಾಲು. ಅದರಲ್ಲಿ ಅಂಗಡಿಯವನ ಬೆರಳು ತೆಗೆದರೆ ನಿಜವಾದ ಸಾಧ್ಯತೆ 80ರ ಹತ್ತಿರ ಅಂತಿಟ್ಟುಕೊಳ್ಳಿ. ಐದೂ ಗೆಲ್ಲಬೇಕಾದರೆ 0.8ನ್ನು ಐದು ಸಲ ಗುಣಿಸಬೇಕು. 0.33 ಬರುತ್ತೆ, ಮೂರು ಸಲಕ್ಕೆ ಒಂದು ಸಲ. ಆ ಒಂದು ಸಲ ಸಿಗೋದು 249, ಮೂರೂ ಸಲ ಹಾಕಿದ್ದು 300. ಒಂದು ಮ್ಯಾಚಿನಲ್ಲಿ ನೂರಕ್ಕೆ 4 ರೂಪಾಯಿ ಕಳೆಯುತ್ತಿದ್ದವರು ಐದನ್ನು ಪೋಣಿಸಿ 18 ರೂಪಾಯಿ ಕಳೀತಾರೆ. ಐದು ಅಂಗಡಿಗೂ ಸಾಲಾಗಿ ಕಮಿಷನ್ ಕೊಟ್ಟ ಹಾಗೆ.

ಈಗ ಬ್ಯಾಕ್‌ಹ್ಯಾಂಡ್ ಅವರ ಮೂಲ ಪ್ರಶ್ನೆಗೆ. ನಾನು ಸಂಖ್ಯಾಶಾಸ್ತ್ರ ಪಾಠ ಮಾಡೋಳು, ಆದ್ದರಿಂದ ಮೊದಲ ತಕರಾರು ನಿಮ್ಮ 40ರ ಮೇಲೆ. 40ಕ್ಕೆ 29 ಬಂದಿದೆ ಅಂದರೆ ನಿಮ್ಮ ನಿಜವಾದ ಸಾಮರ್ಥ್ಯ ನೂರಕ್ಕೆ 58ರಿಂದ 86ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ನಷ್ಟವೂ ಏನನ್ನೂ ಸಾಬೀತು ಮಾಡಲ್ಲ, ಲಾಭ ಬಂದಿದ್ದರೂ ಮಾಡ್ತಿರಲಿಲ್ಲ.

ಎರಡನೆಯದು, ನಿಮ್ಮ ಐದು ವಿಷಯದಲ್ಲಿ ಸರ್ವಿಸ್, ಅಂದರೆ ಪಾಯಿಂಟ್ ಶುರು ಮಾಡುವ ಹೊಡೆತ, ಇಲ್ಲ. ಇದು ನನಗೆ ಆಶ್ಚರ್ಯ. ಟೆನಿಸ್ ನಿಂತಿರೋದೇ ಅದರ ಮೇಲೆ. ಒಬ್ಬ ಆಟಗಾರ ತನ್ನ ಸರ್ವಿಸ್‌ನಲ್ಲಿ ನೂರಕ್ಕೆ 60 ಪಾಯಿಂಟ್ ಗೆಲ್ಲುತ್ತಾನೆ ಅಂದರೆ ಆ ಗೇಮ್ ಉಳಿಸಿಕೊಳ್ಳುವ ಸಾಧ್ಯತೆ 74. ಪಾಯಿಂಟು 65ಕ್ಕೆ ಏರಿದರೆ ಗೇಮು 83. 70 ಆದರೆ 90. ಐದೈದು ಮೆಟ್ಟಿಲು ಹತ್ತಿದರೆ ಗೇಮಿನಲ್ಲಿ ಅದರ ಹೆಚ್ಚುಕಮ್ಮಿ ಎರಡರಷ್ಟು ಸಿಗುತ್ತೆ. ಗೇಮಿಂದ ಸೆಟ್ಟಿಗೆ, ಸೆಟ್ಟಿಂದ ಮ್ಯಾಚಿಗೆ ಹೋಗ್ತಾ ಇದು ಇನ್ನೂ ಹಿಗ್ಗುತ್ತೆ. ಅದಕ್ಕೇ ಗ್ರ್ಯಾಂಡ್ ಸ್ಲಾಮ್‌ನಲ್ಲಿ ಗಂಡಸರ ಐದು ಸೆಟ್ಟಿನ ಮ್ಯಾಚಿನಲ್ಲಿ ಬಲವಾದವನಿಗೆ ಹೆಚ್ಚು ಅನುಕೂಲ, ಮೂರು ಸೆಟ್ಟಿನಲ್ಲಿ ದುರ್ಬಲನಿಗೂ ಒಂದು ಕಿಂಡಿ ಇರುತ್ತೆ. ನೀವು ಎರಡನ್ನೂ ಒಂದೇ ಪುಟದಲ್ಲಿ ಬರೆದಿದ್ದೀರಿ ಅಂತ ಕಾಣುತ್ತೆ.

ಇಬ್ಬರೂ ಸಮಬಲರಾದಾಗ ಕಥೆಯೇ ಬೇರೆ. 2019ರ ವಿಂಬಲ್ಡನ್ ಫೈನಲ್ ನೆನಪಿದೆಯಾ? ಫೆಡರರ್ ಗೆದ್ದ ಪಾಯಿಂಟು 218, ಜೊಕೊವಿಚ್ 204. ಕಪ್ ಹೋದದ್ದು ಜೊಕೊವಿಚ್ ಮನೆಗೆ. ಐದನೇ ಸೆಟ್ಟಿನಲ್ಲಿ 8-7, 40-15, ಫೆಡರರ್ ಸರ್ವಿಸ್, ಇನ್ನೊಂದೇ ಪಾಯಿಂಟ್ ಬಂದರೆ ಕಪ್ ಅವರದು. ಅಲ್ಲಿಂದ ತಿರುಗಿತು. 2025ರ ಫ್ರೆಂಚ್ ಓಪನ್ ಫೈನಲ್‌ನಲ್ಲೂ ಸಿನ್ನರ್ 193, ಅಲ್ಕರಾಜ್ 192. ಗೆದ್ದದ್ದು ಮೂರು ಚಾಂಪಿಯನ್‌ಶಿಪ್ ಪಾಯಿಂಟ್ (ಆ ಪಾಯಿಂಟ್ ಹೋದರೆ ಕಪ್ಪೇ ಹೋಯ್ತು ಅನ್ನೋ ಘಟ್ಟ) ಉಳಿಸಿಕೊಂಡ ಅಲ್ಕರಾಜ್. ಇಂಥ ಮ್ಯಾಚನ್ನು ಮುಂಚೆಯೇ ಸರಿಯಾಗಿ ಹೇಳಿದ್ದೆ ಅನ್ನುವವರು ನಿಜಕ್ಕೂ ಹೇಳಿದ್ದು ನಾಣ್ಯದ ಯಾವ ಮುಖ ಮೇಲೆ ಬೀಳುತ್ತೆ ಅಂತ.

ಪಡುವಾರಹಳ್ಳಿ ಬ್ಯಾಕ್‌ಹ್ಯಾಂಡ್:

ಮೇಡಂ, ಆ 2019ರ ರಾತ್ರಿ ನೆನಪಿಸಬೇಡಿ. ಅವತ್ತೇ ಕ್ರಿಕೆಟ್ ವಿಶ್ವಕಪ್ ಫೈನಲ್ಲೂ ಇತ್ತು, ರಿಮೋಟಿಗೆ ಮನೆಯಲ್ಲಿ ಜಗಳ. 40-15 ಆದಾಗ ಮುಗೀತು ಅಂತ ನಾನೇ ಚಾನಲ್ ಬದಲಾಯಿಸಿ ಅಪ್ಪನಿಗೆ ಬಿಟ್ಟುಕೊಟ್ಟೆ.

ಸರ್ವಿಸ್ ವಿಷಯ ಒಪ್ಪಿದೆ. ಆದರೆ ಮುಖಾಮುಖಿ ದಾಖಲೆಗೂ ಬೆಲೆಯಿಲ್ವಾ? ನಾನು ಅತಿ ಹೆಚ್ಚು ನಂಬಿದ್ದು ಅದನ್ನೇ.

ಬಾಲ್ ಬುಟ್ಟಿ:

ಚಿಕ್ಕ ಮಕ್ಕಳಿಗೆ ಕೋಚಿಂಗ್ ಕೊಡೋನು ನಾನು, ದಿನಕ್ಕೆ ಮುನ್ನೂರು ಬಾಲ್ ಬುಟ್ಟಿಗೆ ತುಂಬೋದೇ ಕೆಲಸ. ಮುಖಾಮುಖಿ ಬಗ್ಗೆ ಹೇಳ್ತೀನಿ. ನಡಾಲ್ 24, ಫೆಡರರ್ 16. ಇದನ್ನು ಹೀಗೇ ಓದಿದರೆ ನಡಾಲ್ ಎಲ್ಲಾ ಕಡೆ ಮೇಲು. ಬಿಡಿಸಿ ಓದಿ: ಮಣ್ಣಿನ ಕೋರ್ಟಿನಲ್ಲಿ ನಡಾಲ್ 14-2. ಹಾರ್ಡ್ ಕೋರ್ಟಿನಲ್ಲಿ ಫೆಡರರ್ 11-9, ಹುಲ್ಲಿನಲ್ಲಿ ಫೆಡರರ್ 3-1. ಮಣ್ಣು ತೆಗೆದುಬಿಟ್ಟರೆ ಲೆಕ್ಕ ತಿರುಗಿ ನಿಲ್ಲುತ್ತೆ. ಮುಖಾಮುಖಿ ಅನ್ನೋದು ಬಹಳ ಸಲ ಇಬ್ಬರು ಯಾವ ನೆಲದ ಮೇಲೆ ಹೆಚ್ಚು ಭೇಟಿಯಾದರು ಅನ್ನೋ ದಾಖಲೆ, ಅಷ್ಟೆ.

ರ‍್ಯಾಂಕಿಂಗ್ ಕೂಡ ಹಾಗೇ. ಅದು ಕಳೆದ 52 ವಾರದ ಸಂಪಾದನೆಯ ಪಾಸ್‌ಬುಕ್ಕು. ಇವತ್ತು ಮೊಣಕೈ ನೋವಿದೆಯಾ ಅಂತ ಅದರಲ್ಲಿ ಬರೆದಿರಲ್ಲ. 2021ರ ಯುಎಸ್ ಓಪನ್‌ಗೆ ಎಮ್ಮಾ ರಾಡುಕಾನು ಬಂದಾಗ ರ‍್ಯಾಂಕು 150. ಕ್ವಾಲಿಫೈಯಿಂಗ್ (ಮುಖ್ಯ ಟೂರ್ನಿಗೆ ಮುಂಚಿನ ಅರ್ಹತಾ ಸುತ್ತು) ಸೇರಿ ಹತ್ತು ಮ್ಯಾಚು, ಒಂದು ಸೆಟ್ಟೂ ಸೋಲದೆ ಕಪ್ ಎತ್ತಿದಳು.

ನಾನು ನೋಡೋದು ಬೇರೆ ಸಣ್ಣಪುಟ್ಟವು. ಒಂದು, ಹಿಂದಿನ ಮ್ಯಾಚು ಎಷ್ಟು ಹೊತ್ತು ನಡೀತು. ಗೆದ್ದ ಅಂತ ಮಾತ್ರ ನೋಡಿದರೆ ಮೋಸ ಹೋಗ್ತೀರಿ. 2010ರ ವಿಂಬಲ್ಡನ್‌ನಲ್ಲಿ ಇಸ್ನರ್, ಮಾಹು ಮೂರು ದಿನಕ್ಕೆ ಹರಡಿ 11 ಗಂಟೆ 5 ನಿಮಿಷ ಆಡಿದರು, ಕೊನೇ ಸೆಟ್ 70-68. (ಅಲ್ಲೂ ಹೆಚ್ಚು ಪಾಯಿಂಟ್ ಗೆದ್ದದ್ದು ಸೋತ ಮಾಹು, 502ಕ್ಕೆ 478. ಮೇಡಂ ಪಟ್ಟಿಗೆ ಸೇರಿಸ್ಕೊಳ್ಳಿ.) ಆ ಮ್ಯಾಚಲ್ಲಿ 113 ಏಸ್ (ಎದುರಾಳಿಗೆ ಮುಟ್ಟಲೂ ಆಗದ ಸರ್ವಿಸ್) ಹೊಡೆದ ಇಸ್ನರ್ ಮುಂದಿನ ರೌಂಡಿನಲ್ಲಿ 6-0, 6-3, 6-2ಕ್ಕೆ ಸೋತ. 74 ನಿಮಿಷ. ಒಂದೇ ಒಂದು ಏಸ್ ಇಲ್ಲ. ಫಾರ್ಮ್ ಕಾಲಂನಲ್ಲಿ ನೀವು "ಗೆಲುವು" ಅಂತ ಟಿಕ್ ಹಾಕಿರ್ತಿದ್ರಿ.

ಎರಡು, ಊರಿನ ಎತ್ತರ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳು, ಬಾಲು ಬೇಗ ಹೋಗುತ್ತೆ, ಸ್ಪಿನ್ ಹಿಡಿತ ಕಮ್ಮಿ. ಮ್ಯಾಡ್ರಿಡ್ಡೂ ಮಣ್ಣೇ, ಪ್ಯಾರಿಸ್ಸೂ ಮಣ್ಣೇ. ಆದರೆ ಮ್ಯಾಡ್ರಿಡ್ ಸುಮಾರು 650 ಮೀಟರ್ ಎತ್ತರದಲ್ಲಿದೆ, ಜೋರು ಸರ್ವಿಸ್ ಇರೋರಿಗೆ ಅಲ್ಲಿ ಹಬ್ಬ. ನಮ್ಮ ಮೈಸೂರು ಅದಕ್ಕಿಂತ ನೂರು ಮೀಟರಿನಷ್ಟು ಮೇಲಿದೆ. ಚೆನ್ನೈಯಿಂದ ಬರೋ ಹುಡುಗರು ಇಲ್ಲಿ ಮೊದಲ ದಿನ ಬೇಸ್‌ಲೈನ್ ಆಚೆಗೇ ಹೊಡೀತಾರೆ, "ಕೋಚ್, ಬಾಲ್ ಹೊಸದಾ?" ಅಂತ ಕೇಳ್ತಾರೆ. ಬಾಲ್ ಹಳೇದೇ, ಊರು ಹೊಸದು.

ಮೂರನೆಯದು ಗ್ರ್ಯಾಂಡ್ ಸ್ಲಾಮ್ ಹಿಂದಿನ ವಾರದ ಚಿಕ್ಕ ಟೂರ್ನಿ. ದೊಡ್ಡ ಆಟಗಾರ ಅಲ್ಲಿಗೆ ಬಂದಿರೋದು ಕಾಲು ಸಡಿಲ ಮಾಡ್ಕೊಳ್ಳೋಕೆ. ತೊಡೆ ಚೂರು ಹಿಡಿದರೂ ಕೈಕುಲುಕಿ ಹೊರಟುಹೋಗ್ತಾನೆ. ಹೀಗೆ ಅರ್ಧಕ್ಕೆ ಬಿಟ್ಟರೆ ಬಾಜಿ ಏನಾಗುತ್ತೆ ಅನ್ನೋ ನಿಯಮ ಒಂದೊಂದು ಕಂಪನಿಗೆ ಒಂದೊಂದು ಥರ. ಕೆಲವರಲ್ಲಿ ಒಂದು ಸೆಟ್ ಮುಗಿದಿದ್ದರೆ ಸಾಕು, ಕೆಲವರಲ್ಲಿ ಪೂರ್ತಿ ಮ್ಯಾಚ್ ಮುಗೀಬೇಕು.

ಕಬ್ಬಿನ ಲೋಡು:

ಕೋಚ್ ಸಾರು ಆ ಕೊನೇದು ಹೇಳಿದ್ರಲ್ಲ, ನನ್ ಹೊಟ್ಟೆ ಉರೀತು. ನಾನೂ ಹೇಳ್ಬುಡ್ತೀನಿ ತಗಳಿ. ಎರಡ್ ವರ್ಸದ್ ಹಿಂದೆ, ಕಬ್ಬಿನ್ ದುಡ್ಡು ಬಂದಿದ್ ವಾರ. ಸ್ನೇಹಿತ ಒಬ್ಬ ಫೋನಲ್ಲಿ ಅದ್ಯಾವ್ದೋ ಆಪು ಹಾಕ್‌ಕೊಟ್ಟ. ಕ್ರಿಕೆಟ್ ಮುಗುದ್ರೆ ರಾತ್ರಿ ಪೂರ್ತಿ ಟೆನ್ನಿಸ್ ಇರ್ತದೆ, ಪ್ರಪಂಚದ ಯಾವ್ದೋ ಮೂಲೇಲಿ ಯಾರಾದ್ರೂ ಆಡ್ತಲೇ ಇರ್ತಾರೆ. ಅದೇ ಕಣ್ರೀ ಕೆಟ್ಟದ್ದು. ನೀರು ಕಟ್ಟಕ್ಕೆ ಗದ್ದೆಗೆ ಹೋದ್ರೂ ಬದೀನ್ ಮ್ಯಾಲೆ ಕುಂತ್ಕಂಡು ಫೋನು.

ಹೆಸರೇ ಕೇಳಿಲ್ದಿರೋ ಆಟಗಾರ, ಹೆಸರೇ ಕೇಳಿಲ್ದಿರೋ ಊರು. ಪಾಯಿಂಟ್ ಪಾಯಿಂಟ್‌ಗೂ ಕಟ್ತಿದ್ದೆ. ನಾನು ಪರದೇಲಿ ನೋಡಿ ಒತ್ತೋ ಹೊತ್ಗೆ ದರ ಆಗ್ಲೇ ಬದ್ಲಾಗಿರ್ತಿತ್ತು. ನನ್ ನೆಟ್ವರ್ಕೇ ಸರಿಯಿಲ್ಲ ಅಂತ ಸಿಮ್ಮು ಬದ್ಲಾಯಿಸ್ದೆ ನೋಡಿ, ಎಂಥಾ ಬುದ್ವಂತ! ಒಂದ್ ಸಲ ನಿಜ್ವಾಗ್ಲೂ ಗೆದ್ದೆ, 11,000. ವಾಪಸ್ ತಗಳಕ್ಕೋದ್ರೆ ಇವತ್ತು ನಾಳೆ ಅಂದ್ರು, ಆಮ್ಯಾಕೆ ಅಕೌಂಟೇ ತೆಗೀನಿಲ್ಲ. ಯಾರ್‌ನ ಕೇಳನ? ಆಫೀಸು ಎಲ್ಲದೆ ಅಂತ್ಲೇ ಗೊತ್ತಿಲ್ಲ. ಒಟ್ಟು ಎಷ್ಟು ಹೋಯ್ತು ಅಂತ ಇಲ್ಲಿ ಬರ್ಯಕಿಲ್ಲ, ನಮ್ಮೋಳೂ ಈ ಪುಟ ಓದ್ತಾಳೆ.

ಬಾಲ್ ಬುಟ್ಟಿ:

ಅಣ್ಣಾ, ಸಿಮ್ ತಪ್ಪಲ್ಲ. ಕೋರ್ಟಿನಲ್ಲಿ ಅಂಪೈರ್ ತನ್ನ ಟ್ಯಾಬ್ಲೆಟ್ಟಿನಲ್ಲಿ ಸ್ಕೋರ್ ಒತ್ತಿದ ತಕ್ಷಣ ಬೆಟ್ಟಿಂಗ್ ಕಂಪನಿಗೆ ಹೋಗುತ್ತೆ. ನಿಮ್ಮ ಫೋನಿನಲ್ಲಿ ಬರೋ ಚಿತ್ರ ಎಷ್ಟೋ ಸೆಕೆಂಡು ಹಿಂದಿನದು. ಆ ಸೆಕೆಂಡುಗಳಿಗೋಸ್ಕರವೇ ಗ್ಯಾಲರಿಯಲ್ಲಿ ಕೂತು ಗುಟ್ಟಾಗಿ ಸ್ಕೋರ್ ಕಳಿಸೋ ಜನ ಇದ್ದಾರೆ. 2014ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಅದಕ್ಕೇ ಒಬ್ಬನನ್ನು ಪೊಲೀಸರು ಹಿಡಿದಿದ್ದರು, ಆಮೇಲೆ ಕೇಸು ಕೈಬಿಟ್ಟರು. ಅವರ ಜೊತೆ ನೀವು ಗದ್ದೆ ಬದುವಿನ ಮೇಲಿಂದ ಓಟ ಓಡ್ತಿದ್ರಿ.

ಹೆಸರು ಕೇಳದ ಆಟಗಾರರ ವಿಷಯ ಅದಕ್ಕಿಂತ ಕೆಟ್ಟದ್ದು. ಕೆಳಗಿನ ಹಂತದ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್) ಟೂರ್ನಿಗಳಲ್ಲಿ ಇಡೀ ವಾರಕ್ಕೆ ಒಟ್ಟು ಬಹುಮಾನ 15,000 ಡಾಲರಿನಿಂದ ಶುರು. ನಮ್ಮ ಮೈಸೂರಿನಲ್ಲೂ 25,000 ಡಾಲರಿನ ಟೂರ್ನಿ ಆಗಿದೆ, ನಾನು ದಿನಾ ಹೋಗಿ ನೋಡಿದ್ದೀನಿ, ಆಟ ಚೆನ್ನಾಗಿರುತ್ತೆ. ಆದರೆ ಆ ದುಡ್ಡು ಮೂವತ್ತಕ್ಕೂ ಹೆಚ್ಚು ಜನಕ್ಕೆ ಹಂಚಿಹೋಗಬೇಕು. ಮೊದಲ ರೌಂಡಲ್ಲಿ ಸೋತ ಹುಡುಗನಿಗೆ ರೂಮಿನ ಬಾಡಿಗೆಯೂ ಹುಟ್ಟಲ್ಲ. ಅಂಥವನ ಹತ್ತಿರ ಯಾರಾದರೂ ಬಂದು "ಒಂದು ಸೆಟ್ ಬಿಡು" ಅಂದರೆ? ಎಲ್ಲರೂ ಬಿಡ್ತಾರೆ ಅಂತ ಅಲ್ಲ, ಹೆಚ್ಚಿನವರು ಬಿಡಲ್ಲ. ಆದರೆ ಟೆನಿಸ್‌ನ ಪ್ರಾಮಾಣಿಕತೆ ಬಗ್ಗೆ ನೇಮಿಸಿದ ಸ್ವತಂತ್ರ ಸಮಿತಿ 2018ರ ಏಪ್ರಿಲ್ ವರದಿಯಲ್ಲಿ ಈ ಕೆಳಹಂತದ ಪಂದ್ಯಗಳ ಲೈವ್ ಸ್ಕೋರ್ ಮಾರಾಟವನ್ನೇ ನಿಲ್ಲಿಸಿ ಅಂತ ಹೇಳಿತ್ತು.

ಮೇಲಿನ ಹಂತದಲ್ಲೂ ಅನುಮಾನ ಬಂದದ್ದುಂಟು. 2007ರ ಆಗಸ್ಟಿನಲ್ಲಿ ಪೋಲೆಂಡಿನ ಸೊಪಾಟ್‌ನಲ್ಲಿ ಆಗ ವಿಶ್ವದ 4ನೇ ಸ್ಥಾನದಲ್ಲಿದ್ದ ಡೇವಿಡೆಂಕೊ, 87ನೇ ಸ್ಥಾನದವನ ಮುಂದೆ ಮೊದಲ ಸೆಟ್ ಗೆದ್ದ. ಗೆದ್ದಮೇಲೂ ಬಾಜಿ ದುಡ್ಡು ಎದುರಾಳಿ ಕಡೆಗೇ ಹರೀತಿತ್ತು. ಆಮೇಲೆ ಗಾಯ ಅಂತ ಡೇವಿಡೆಂಕೊ ಬಿಟ್ಟ, ಬೆಟ್‌ಫೇರ್ ಅನ್ನೋ ಬೆಟ್ಟಿಂಗ್ ಕಂಪನಿ ಆ ಮ್ಯಾಚಿನ ಎಲ್ಲಾ ಬಾಜಿ ರದ್ದು ಮಾಡಿತು. ಸುಮಾರು ಒಂದು ವರ್ಷ ತನಿಖೆ ನಡೆದು 2008ರಲ್ಲಿ ಇಬ್ಬರೂ ಆಟಗಾರರು ನಿರ್ದೋಷಿಗಳು ಅಂತ ಬಂತು. ಸರಿ. ಆದರೆ ಅವತ್ತು ರ‍್ಯಾಂಕಿಂಗ್ ನೋಡಿ ವಿಶ್ಲೇಷಣೆ ಮಾಡಿ ಕೂತಿದ್ದವನಿಗೆ ಅಲ್ಲಿ ಏನು ನಡೀತಿದೆ ಅಂತ ಹೇಗೆ ತಿಳೀಬೇಕು?

ಕರಿಕೋಟು, ಕೋರ್ಟ್ ಆವರಣದಿಂದ:

ನಮ್ಮದು ಇನ್ನೊಂದು ಥರದ ಕೋರ್ಟು. ಇಷ್ಟುದ್ದ ಮಾತಾಡಿದ್ದೀರಿ, ಕಾನೂನನ್ನು ಯಾರೂ ಮುಟ್ಟಲಿಲ್ಲ. ಸಂಸತ್ತು 2025ರ ಆಗಸ್ಟಿನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು, ಆಗಸ್ಟ್ 22ಕ್ಕೆ ರಾಷ್ಟ್ರಪತಿ ಅಂಕಿತ ಬಿತ್ತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟವನ್ನು ನಡೆಸುವುದು ಅಪರಾಧ. ಅದು ಅದೃಷ್ಟದ್ದೋ ಕೌಶಲದ್ದೋ ಅನ್ನೋ ವಾದ ಅಲ್ಲಿ ನಡೆಯಲ್ಲ. ನಡೆಸುವವರಿಗೆ 3 ವರ್ಷದವರೆಗೆ ಸಜೆ, 1 ಕೋಟಿವರೆಗೆ ದಂಡ. ಜಾಹೀರಾತು ಮಾಡುವವರಿಗೆ 2 ವರ್ಷ, 50 ಲಕ್ಷದವರೆಗೆ. ಆ ಕಾಯ್ದೆಯಲ್ಲಿ ಆಡಿದವನಿಗೆ ಶಿಕ್ಷೆ ಇಟ್ಟಿಲ್ಲ, ನಿಜ. ಹಾಗಂತ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಎಲ್ಲೂ ಹೋಗಿಲ್ಲ, ಬಾಜಿ ಕಟ್ಟೋದು ಅದರ ಕೆಳಗೆ ಬರುತ್ತೆ.

ಲೋಡು ಅಣ್ಣನ 11,000ದ ವಿಷಯ: ನಿಷಿದ್ಧ ವ್ಯವಹಾರದಲ್ಲಿ ಗೆದ್ದ ದುಡ್ಡು ಕೊಡಿಸಿ ಅಂತ ಯಾವ ನ್ಯಾಯಾಲಯದ ಮುಂದೆ ನಿಲ್ಲೋದು? ಬಾಜಿ ಒಪ್ಪಂದಕ್ಕೆ ಬೆಲೆಯಿಲ್ಲ ಅಂತ 1872ರ ಕರಾರು ಕಾಯ್ದೆಯ 30ನೇ ಕಲಮೇ ಹೇಳುತ್ತೆ. ನಿಮಗೆ ಮೋಸವಾಗಿದೆ, ಬೇಜಾರಿದೆ, ಆದರೆ ನಾನು ಆ ಫೈಲು ಮುಟ್ಟಲ್ಲ.

ರೇಸ್‌ಕೋರ್ಸ್ ಮಾವ:

ವಕೀಲರೇ, ಕುದುರೆಗೆ ಮಾತ್ರ ಬಿಟ್ಟಿದ್ದಾರಲ್ಲ?

ಕರಿಕೋಟು, ಕೋರ್ಟ್ ಆವರಣದಿಂದ:

ಹೌದು ಮಾವ. ಕುದುರೆ ರೇಸು ಕೌಶಲದ ಆಟ ಅಂತ 1996ರಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ಕೇಸಿನಲ್ಲಿ ಹೇಳಿತು. ಪರವಾನಗಿ ಇರುವ ರೇಸ್‌ಕೋರ್ಸ್ ಒಳಗೆ ನೀವು ಕಟ್ಟಬಹುದು. ಟೆನಿಸಿಗೆ ಅಂಥ ವಿನಾಯಿತಿ ಇಲ್ಲ.

ರೇಸ್‌ಕೋರ್ಸ್ ಮಾವ:

ಕಟ್ಟಬಹುದು, ಉಳೀಬೇಕಲ್ಲ. ಕುದುರೆ ಬಾಜಿ ಮೇಲಿನ ಜಿಎಸ್‌ಟಿ ನೂರಕ್ಕೆ 28 ಇದ್ದದ್ದು 2025ರ ಸೆಪ್ಟೆಂಬರಿನಿಂದ 40 ಆಯ್ತು. ನಾನೀಗ ದಸರಾ ಹೊತ್ತಿಗೆ ಹೋಗಿ ಕುದುರೆ ನೋಡ್ಕೊಂಡು, ಕಡ್ಲೆಕಾಯಿ ತಿಂದ್ಕೊಂಡು ಬರೋದಷ್ಟೆ.

ನಿರ್ವಾಹಕ:

ಎರಡು ಕಾಮೆಂಟು ತೆಗೆದಿದ್ದೇವೆ. "ಖಚಿತ ಟಿಪ್ಸ್"ಗೆ ಟೆಲಿಗ್ರಾಮ್ ಗುಂಪಿನ ಕೊಂಡಿ ಹಾಕಿದವರು ಇನ್ನು ಇಲ್ಲಿ ಬರೆಯುವಂತಿಲ್ಲ.

ಗಂಗೋತ್ರಿ ಗಣಿತ:

ಒಳ್ಳೇದಾಯ್ತು. ಖಚಿತ ಅನ್ನೋನಿಗೆ ಅದನ್ನು ನಮಗೆ ಮಾರುವ ದರ್ದು ಯಾಕೆ ಅಂತ ಕೇಳೋಣ ಅಂತಿದ್ದೆ.

ಬ್ಯಾಕ್‌ಹ್ಯಾಂಡ್ ಅವರೇ, ನಿಮ್ಮ ದೋಸೆ ಬಾಜಿಗೆ ಒಂದು ಸಲಹೆ. ಯಾರು ಗೆಲ್ತಾರೆ ಅಂತ ಮಾತ್ರ ಬರೆದರೆ ಎಲ್ಲರೂ ದೊಡ್ಡ ಹೆಸರನ್ನೇ ಬರೀತಾರೆ, ಅದರಿಂದ ಯಾರ ಜಾಣತನವೂ ಹೊರಗೆ ಬರಲ್ಲ. ಬದಲಿಗೆ ಸಾಧ್ಯತೆ ಬರೀರಿ. 70 ಅಂತ ಬರೆದಿರಿ, ಅವನು ಗೆದ್ದ: ಕೊರತೆ 0.3, ಅದರ ವರ್ಗ 0.09 ನಿಮಗೆ ದಂಡ. ಸೋತ: 0.7ರ ವರ್ಗ, 0.49 ದಂಡ. ಧೈರ್ಯವಾಗಿ 95 ಅಂತ ಬರೆದು ತಪ್ಪಿದರೆ 0.90. ಎಲ್ಲದಕ್ಕೂ 50 ಬರೆದರೆ ಪ್ರತಿ ಸಲವೂ 0.25. ವಾರದ ಕೊನೆಗೆ ದಂಡ ಯಾರದು ಹೆಚ್ಚೋ ಅವರು ದೋಸೆ ಕೊಡಿಸಲಿ. ಮುಖ್ಯವಾದ ಷರತ್ತು: ವಿದೇಶಿ ಪುಟದ ದರ ನೋಡುವುದಕ್ಕೆ ಮುಂಚೆಯೇ ಬರೀಬೇಕು. ದರ ಒಮ್ಮೆ ಕಣ್ಣಿಗೆ ಬಿದ್ದರೆ ನಿಮ್ಮ ಅಂಕಿ ತಾನಾಗಿಯೇ ಅದರ ಪಕ್ಕ ಹೋಗಿ ಕೂರುತ್ತೆ.

ಪಡುವಾರಹಳ್ಳಿ ಬ್ಯಾಕ್‌ಹ್ಯಾಂಡ್:

ಮೂರು ವಾರ ಬಿಟ್ಟು ಬರೀತಿದ್ದೀನಿ. ಮೇಡಂ ಹೇಳಿದ ಹಾಗೇ ಮಾಡಿದ್ವಿ. ಸರ್ವಿಸ್ ಪಾಯಿಂಟು, ಕೋರ್ಟಿನ ಪ್ರಕಾರ ಬಿಡಿಸಿದ ದಾಖಲೆ, ಹಿಂದಿನ ಮ್ಯಾಚಿನ ಅವಧಿ ಇಷ್ಟು ನೋಡಿ, ದರ ನೋಡದೆ, ನಾಲ್ಕು ಜನವೂ ಅಂಕಿ ಬರೆದು ಮಡಚಿ ಕಾಫಿ ಲೋಟದ ಕೆಳಗಿಡೋದು. ಗುಂಪಿನಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು, ಅವರದ್ದು ಎಲ್ಲದಕ್ಕೂ 50. ಅವರು ಇನ್ನೂ ದೋಸೆ ಕೊಡಿಸಿಲ್ಲ ಅನ್ನೋದೇ ನಮಗೆ ಅವಮಾನ.

ನಾನು 22 ಮ್ಯಾಚಿಗೆ ಬರೆದೆ. 17ರಲ್ಲಿ ನನ್ನ ಅಂಕಿ, ವಿದೇಶಿ ದರದಿಂದ ಬರೋ ಅಂಕಿ ಹೆಚ್ಚುಕಮ್ಮಿ ಒಂದೇ. ರಾತ್ರಿ ಒಂದು ಗಂಟೆ ತಲೆಕೆಡಿಸಿಕೊಂಡು ಕಂಡುಹಿಡಿದದ್ದು ಆಗಲೇ ಅಲ್ಲಿ ಬರೆದಿತ್ತು. ಐದರಲ್ಲಿ ಮಾತ್ರ ನಾನು ಹತ್ತಕ್ಕಿಂತ ಹೆಚ್ಚು ದೂರ ಹೋಗಿದ್ದೆ. ಆ ಐದರಲ್ಲಿ ನಾಲ್ಕು ಆ ದರ ಬರೆದವರೇ ಸರಿ.

ರೇಸ್‌ಕೋರ್ಸ್ ಮಾವ:

ಐದರಲ್ಲಿ ಒಂದು ಸಿಕ್ತಲ್ಲ, ಅದು ಯಾವುದಪ್ಪ?

ಪಡುವಾರಹಳ್ಳಿ ಬ್ಯಾಕ್‌ಹ್ಯಾಂಡ್:

ಎದುರಾಳಿ ಎರಡನೇ ಸೆಟ್ಟಿನಲ್ಲಿ ಕಾಲು ಉಳುಕಿ ಬಿಟ್ಟುಹೋದ ಮಾವ.

ಕಬ್ಬಿನ ಲೋಡು:

ಹಹ್ಹಹ್ಹಾ. ಭಾನ್ವಾರ ಮೈಸೂರಿಗೆ ಬತ್ತೀನಿ, ನಂಗೂ ಒಂದ್ ದೋಸೆ ಹೇಳಿ. ಎಲ್ಲದಕ್ಕೂ 50 ಬರೆಯೋ ಮೇಷ್ಟ್ರನ್ನ ನೋಡ್ಬೇಕು.